ಯಾವ ಕಾರನ್ನು ಉಳಿಸಿಕೊಳ್ಳುವುದು?

ನಮ್ಮ ಮೈಸೂರಿನ ಮನೆಯಲ್ಲಿರುವ ಎರಡೂ ಕಾರುಗಳು ವಯಸ್ಸಿನಲ್ಲಿ ನನಗಿಂತ ಹಿರಿಯವು. ಅಪ್ಪನ 1984ರ ಅಂಬಾಸಿಡರ್, ದೊಡ್ಡಪ್ಪನಿಂದ ಬಂದ 1986ರ ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಅಂತ ನಮ್ಮಲ್ಲಿ ಯಾರೂ ಕರೆಯುವುದಿಲ್ಲ, ಅದು ಫಿಯೆಟ್ಟೇ. ಅಪ್ಪ ನಿವೃತ್ತರಾದ ಮೇಲೆ ರಿಪೇರಿ ಖರ್ಚು ನನ್ನ ಫೆಲೋಶಿಪ್ಪಿನ ಮೇಲೆ ಬಿದ್ದಿದೆ. ಹಾಗಾಗಿ ಒಂದನ್ನು ಮಾರಲೇಬೇಕು.

ನೋಡಿದವರೆಲ್ಲ 'ವಿಂಟೇಜ್' ಎಂದು ಹೊಗಳುತ್ತಾರೆ. ಆದರೆ 2021ರ ಕೇಂದ್ರ ನಿಯಮದಂತೆ ಆ ಬಿರುದಿಗೆ 50 ವರ್ಷ ದಾಟಿರಬೇಕು. ಸರ್ಕಾರದ ಲೆಕ್ಕದಲ್ಲಿ ಇವು ಬರೀ ಹಳೇ ಗಾಡಿಗಳು. ಆರ್‌ಸಿ ನವೀಕರಣದ ಶುಲ್ಕವೂ 2022ರಲ್ಲಿ 600ರಿಂದ 5000 ರೂಪಾಯಿಗೆ ಏರಿತು.

ಓಡಿಸುವ ಸುಖಕ್ಕಾದರೆ ನನ್ನ ಮತ ಫಿಯೆಟ್ಟಿಗೆ. ಎಂಜಿನ್ 1089 ಸಿಸಿ, ಅಂಬಾಸಿಡರ್‌ನದು 1489. ಕಾಗದದ ಮೇಲೆ ಅಂಬಾಸಿಡರೇ ಬಲಶಾಲಿ, ಆದರೆ ಅದು ತನ್ನ ಭಾರವನ್ನೂ ಎಳೆಯಬೇಕಲ್ಲ! ಫಿಯೆಟ್ ಹಗುರ. ದೇವರಾಜ ಅರಸು ರಸ್ತೆಯ ಸಂದಣಿಯಲ್ಲಿ ಹೇಳಿದಂತೆ ತಿರುಗುತ್ತದೆ. ಊರ ಜಾತ್ರೆಗೆ ಆರು ಜನ, ಎರಡು ಮೂಟೆ ಅಕ್ಕಿ ಹೊತ್ತು ಗುಂಡಿಬಿದ್ದ ದಾರಿಯಲ್ಲಿ ಹೋಗಲು ಮಾತ್ರ ಅಂಬಾಸಿಡರೇ ಬೇಕು. ಬ್ರೇಕಿನ ವಿಷಯದಲ್ಲಿ ಎರಡೂ ಒಂದೇ: ಮುಂದಿನ ಗಾಡಿಯಿಂದ ದೂರವಿದ್ದಷ್ಟೂ ಒಳ್ಳೆಯದು.

ನಿರ್ವಹಣೆಯಲ್ಲಿ ಲೆಕ್ಕ ತಿರುಗುತ್ತದೆ. ನಮ್ಮ ಮೆಕ್ಯಾನಿಕ್ ಭಾಯಿ ಬಾನೆಟ್ ಎತ್ತಿ, "ನೋಡಮ್ಮ, ಇದರಲ್ಲಿ ಇಳಿದು ನಿಂತು ಕೆಲಸ ಮಾಡ್ಬಹುದು" ಎನ್ನುತ್ತಾರೆ. ಅಂಬಾಸಿಡರ್ ಎಂಜಿನ್ ಸುತ್ತ ಅಷ್ಟು ಜಾಗ. ಫಿಯೆಟ್ಟಿನದ್ದೂ ಸರಳ ಯಂತ್ರವೇ. ಬೇಸಿಗೆಯಲ್ಲಿ ಪೆಟ್ರೋಲ್ ಪಂಪ್ ಕಾದು ನಿಂತರೆ ಒದ್ದೆ ಬಟ್ಟೆ ಸುತ್ತಿದರಾಯಿತು. ತೊಂದರೆ ಇರುವುದು ಬಿಡಿಭಾಗಗಳಲ್ಲಿ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ಪೈಪುಗಳು ತಡೆಯುವುದಿಲ್ಲ. ಅವನ್ನು ಹೇಗೋ ಹೊಂದಿಸಬಹುದು, ಆದರೆ ಫಿಯೆಟ್ಟಿನ ಗೇರ್ ಲಿಂಕೇಜಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಎರಡು ಸಲ ಸುತ್ತಿ ಬರಿಗೈಲಿ ಬಂದೆ.

ಒಂದು ಅಂಗಡಿಯವರು ಹೇಳಿದ ಮೇಲೆ ನನಗೆ ಹೊಳೆಯಿತು: ನಮ್ಮ ಕಾರುಗಳನ್ನು ಇಷ್ಟು ವರ್ಷ ಸಾಕಿದ್ದು ದೂರದ ಊರಿನ ಟ್ಯಾಕ್ಸಿಗಳು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಫಿಯೆಟ್ಟಿನ ಭಾಗ ಮಾಡುವವರಿಗೆ ಗಿರಾಕಿ ಇದ್ದರು. ಅಲ್ಲಿ 2003ರಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಅಂಬಾಸಿಡರ್ 2014ರವರೆಗೂ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಕೋಲ್ಕತ್ತಾದಲ್ಲಿ ಅದರ ಹಳದಿ ಟ್ಯಾಕ್ಸಿಗಳು 15 ವರ್ಷದ ಮಿತಿಯಿಂದ ಕರಗುತ್ತಿದ್ದರೂ ಇನ್ನೂ ಕೆಲವು ಉಳಿದಿವೆ. ಅಂದರೆ ಅಂಬಾಸಿಡರಿಗೆ ಸಿಕ್ಕಿರುವುದು ಇನ್ನೊಂದಷ್ಟು ವರ್ಷ, ಅಷ್ಟೇ. ನನ್ನ ಪಿಎಚ್‌ಡಿ ಮುಗಿಯುವವರೆಗೆ ಅದು ಸಾಕು.

ಭಾನುವಾರ ಫಿಯೆಟ್ ನೋಡಲು ಹಾಸನದಿಂದ ಒಬ್ಬರು ಬರುತ್ತಿದ್ದಾರೆ. ಅಪ್ಪ ಏನೂ ಮಾತಾಡಿಲ್ಲ. ನಿನ್ನೆ ಅದರ ಸ್ಟೆಪ್ನಿಗೆ ಗಾಳಿ ಹಾಕಿಸಿಕೊಂಡು ಬಂದರು.