ಅನಿಮೆ ಯಾವುದರಿಂದ ಶುರು ಮಾಡಲಿ?

‘ಒಂದು ಒಳ್ಳೆ ಅನಿಮೆ, ಅಂದರೆ ಜಪಾನಿನ ಆನಿಮೇಷನ್, ಹೇಳಿ’ ಎಂದು ಕೇಳುವವರಿಗೆ ನಾನು ತಟ್ಟನೆ ಹೆಸರು ಹೇಳುವುದಿಲ್ಲ. ಹೋಟೆಲಿಗೆ ಹೋಗಿ ‘ಏನಾದ್ರೂ ಒಳ್ಳೇದು ಕೊಡಪ್ಪಾ’ ಅಂದರೆ ಮಾಣಿಯಾದರೂ ಏನು ತರಬೇಕು? ಸಿಹಿ ಬೇಕೋ ಖಾರ ಬೇಕೋ ಗೊತ್ತಾಗಬೇಡವೇ! ಕಾಲೇಜು ಹುಡುಗರನ್ನಂತೂ ಕೇಳಲೇಬೇಡಿ. ‘ಒನ್ ಪೀಸ್ ನೋಡಿ ಅಂಕಲ್’ ಎಂದುಬಿಡುತ್ತಾರೆ. 1999ರಲ್ಲಿ ಶುರುವಾದದ್ದು, ಸಾವಿರ ಕಂತು ದಾಟಿದ ಮೇಲೂ ಕಡಲ್ಗಳ್ಳರ ಆ ಹಡಗು ದಡ ಸೇರಿಲ್ಲ. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಪಳಗಿದವರಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ ಅನ್ನಿ.

ಹಾಗೆ ನೋಡಿದರೆ ನಲವತ್ತು ದಾಟಿದ ಎಷ್ಟೋ ಜನ ಅನಿಮೆಗೆ ಹೊಸಬರೇ ಅಲ್ಲ. ದೂರದರ್ಶನದಲ್ಲಿ ಬಾಯಿಬಿಟ್ಟುಕೊಂಡು ನೋಡಿದ ಆ ಮೋಗ್ಲಿ ಎಲ್ಲಿಯವನು ಅಂದುಕೊಂಡಿರಿ? ಕಥೆ ಕಿಪ್ಲಿಂಗನದು, ಹಾಡು ಗುಲ್ಜಾರರದು, ಚಿತ್ರ ಬರೆದದ್ದು ಜಪಾನಿನ ನಿಪ್ಪಾನ್ ಆನಿಮೇಷನ್‌ನವರು.

ಸರಿ, ಹೆಸರು ಹೇಳಲೇಬೇಕೆಂದರೆ ಮೊದಲು ನಿರ್ದೇಶಕ ಮಿಯಾಝಾಕಿಯವರ ‘ಮೈ ನೇಬರ್ ಟೊಟೊರೊ’. ಒಂದೂವರೆ ಗಂಟೆಯೂ ಇಲ್ಲ. ಖಳನಾಯಕನಿಲ್ಲ, ಹೊಡೆದಾಟವಿಲ್ಲ, ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಇಬ್ಬರು ಹೆಣ್ಣುಮಕ್ಕಳು ಹಳ್ಳಿಯ ಹಳೇ ಮನೆಗೆ ಬಂದಿದ್ದಾರೆ, ಅಷ್ಟೆ. ಬಸ್ ಸ್ಟಾಪಿನ ದೃಶ್ಯವೊಂದಿದೆ. ಮಳೆ, ಕತ್ತಲು, ಅಪ್ಪ ಬರುವ ಬಸ್ಸಿನ ಸುಳಿವಿಲ್ಲ; ಅಕ್ಕನ ಬೆನ್ನ ಮೇಲೆ ತಂಗಿಗೆ ನಿದ್ದೆ. ಪಕ್ಕದಲ್ಲಿ ಬೆಟ್ಟದಂಥ ಪ್ರಾಣಿಯೊಂದು ತಲೆಯ ಮೇಲೆ ಎಲೆ ಇಟ್ಟುಕೊಂಡು ಬಂದು ನಿಲ್ಲುತ್ತದೆ. ಹುಡುಗಿ ಅಪ್ಪನಿಗೆಂದು ತಂದ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಮರದ ಹನಿ ಕೊಡೆಯ ಮೇಲೆ ಟಪ್ಪೆಂದಿದ್ದೇ ತಡ, ಅದಕ್ಕೆ ಎಲ್ಲಿಲ್ಲದ ಖುಷಿ. ಇನ್ನಷ್ಟು ಹನಿ ಉದುರಲಿ ಅಂತ ನೆಲ ನಡುಗುವ ಹಾಗೆ ಒಮ್ಮೆ ಕುಪ್ಪಳಿಸುತ್ತದೆ ನೋಡಿ! ಇಷ್ಟಕ್ಕೂ ನಗು ಬರದವರಿಗೆ ನಾನು ಮುಂದಿನ ಹೆಸರು ಹೇಳುವುದಿಲ್ಲ. ಕೊಡೆಯೇನೂ ವಾಪಸು ಬರುವುದಿಲ್ಲ, ಅದು ಬೇರೆ ಮಾತು.

ಆದರೆ ಇದರ ಬೆನ್ನಿಗೇ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಹಚ್ಚಬೇಡಿ. ಅದೂ ಟೊಟೊರೊ ತಯಾರಿಸಿದ ಜಿಬ್ಲಿ ಸ್ಟುಡಿಯೋದ್ದೇ, ತಕಹಾತ ಅವರ ನಿರ್ದೇಶನ. 1945ರ ಬಾಂಬ್ ದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣ-ತಂಗಿಯ ಹಸಿವಿನ ಕಥೆ. 1988ರಲ್ಲಿ ಜಪಾನಿನಲ್ಲಿ ಎರಡನ್ನೂ ಜೋಡಿಯಾಗಿಯೇ ಬಿಡುಗಡೆ ಮಾಡಿದ್ದರು! ಮಕ್ಕಳ ಕೈಹಿಡಿದು ಬಂದ ತಾಯಂದಿರ ಪಾಡನ್ನು ನೆನೆದರೆ ನನಗೆ ಈಗಲೂ ಅಯ್ಯೋ ಅನಿಸುತ್ತದೆ.

‘ಮಕ್ಕಳದ್ದೆಲ್ಲ ನಮಗ್ಯಾಕೆ ಮಾರಾಯ್ರೇ’ ಅನ್ನುವ ಹಿರಿಯರಿಗೆ ನಿರ್ದೇಶಕ ಸತೋಶಿ ಕೋನ್ ಅವರ ಚಿತ್ರಗಳಿವೆ. 2003ರ ‘ಟೋಕಿಯೊ ಗಾಡ್‌ಫಾದರ್ಸ್’ನಲ್ಲಿ ಮನೆಮಠವಿಲ್ಲದ ಮೂವರಿಗೆ ಕ್ರಿಸ್‌ಮಸ್ ರಾತ್ರಿ ಕಸದ ರಾಶಿಯಲ್ಲಿ ಹಸುಗೂಸು ಸಿಗುತ್ತದೆ, ನಗಿಸಿ ನಗಿಸಿ ಕಣ್ಣು ಒದ್ದೆ ಮಾಡುವ ಚಿತ್ರ. ಥ್ರಿಲ್ಲರ್ ರುಚಿಯವರಾದರೆ ಅವರದೇ ‘ಪರ್ಫೆಕ್ಟ್ ಬ್ಲೂ’ ನೋಡಲಿ. ಕಾರ್ಟೂನು ತಾನೇ ಅಂತ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಮಾತ್ರ ನಡುವೆ ರಿಮೋಟಿಗೆ ತಡಕಾಡಬೇಕಾದೀತು.