ತಾರೀಖಿನ ಕಿಟಕಿ

ಹೊಸದಾಗಿ ಕೆಲಸಕ್ಕೆ ಸೇರಿದ ಅಕ್ಕನ ಮಗ ಬೆಳಿಗ್ಗೆ ಕಾಫಿಯ ಹೊತ್ತಿಗೆ ಒಂದು ಫೋಟೊ ಕಳಿಸಿದ. ‘ಮಾಮ, ದಿನಾ ಆಫೀಸಿಗೆ ಕಟ್ಕೊಂಡು ಹೋಗೋಕೆ ಈ ವಾಚು ಹೇಗಿದೆ ನೋಡಿ. ಸಿಂಪಲ್ಲಾಗಿದೆ ಅಲ್ವಾ?’ ಬಿಳಿ ಡಯಲ್ಲು, ಅಂಕಿಗಳ ಜಾಗದಲ್ಲಿ ತೆಳುವಾದ ಗೆರೆಗಳು, ಕಂದು ಬಣ್ಣದ ಚರ್ಮದ ಬೆಲ್ಟು. ಹುಡುಗನ ಅಭಿರುಚಿ ಕಂಡು ಖುಷಿಯಾಯಿತು. ಅಷ್ಟರಲ್ಲಿ ಕಣ್ಣು ಬಲಕ್ಕೆ ಸರಿಯಿತು. ಮೂರರ ಗೆರೆ ಇರಬೇಕಾದಲ್ಲಿ ಒಂದು ಚೌಕದ ಕಿಂಡಿ, ಅದರೊಳಗೆ ಕಪ್ಪಗೆ 28. ಮನಸ್ಸು ಕೆಟ್ಟೇ ಹೋಯಿತು. ಅಂಥ ಪ್ರಸನ್ನವಾದ ಮುಖಕ್ಕೆ ತೂತು ಕೊರೆಯಲು ಕೈ ಹೇಗೆ ಬಂತು?

ವಾಚು ಆರಿಸುವಾಗ ನೋಡಬೇಕಾದ ಉಳಿದ ಸಂಗತಿಗಳು ಎಲ್ಲರಿಗೂ ಗೊತ್ತಿರುವಂಥವೇ. ಮಣಿಕಟ್ಟಿಗಿಂತ ಅಗಲವಾಗಿರಬಾರದು, ಶರ್ಟಿನ ತೋಳಿಗೆ ಸಿಕ್ಕಿಕೊಳ್ಳಬಾರದು, ಬೆಲ್ಟು ಬೆವರಿಗೆ ತಾಳಬೇಕು. ಅಂಗಡಿಯಲ್ಲಿ ಒಮ್ಮೆ ಕಟ್ಟಿ ನೋಡಿದರೆ ಇವೆಲ್ಲ ತಿಳಿಯುತ್ತವೆ. ತಾರೀಖಿನ ಕಿಟಕಿ ಮಾತ್ರ ಮನೆಗೆ ಬಂದ ಮೇಲೆ, ದಿನ ಕಳೆದಂತೆ ಕಾಡತೊಡಗುತ್ತದೆ.

ಅದರ ಹಿಂದೆ ಇರುವುದು 1ರಿಂದ 31ರವರೆಗೆ ಅಂಕಿ ಮುದ್ರಿಸಿದ ಒಂದು ಬಳೆ. ಈ ತಿಂಗಳಿಗೆ ಎಷ್ಟು ದಿನ ಎಂಬುದು ಆ ಬಳೆಗೆ ಗೊತ್ತಿಲ್ಲ. ಹಾಗಾಗಿ ಫೆಬ್ರವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ಮುಗಿದಾಗಲೆಲ್ಲ, ವರ್ಷಕ್ಕೆ ಐದು ಸಲ, ನಾವೇ ತಿರುಪು ಎಳೆದು ತಿದ್ದಬೇಕು. ಅದನ್ನೂ ಬೇಕೆಂದಾಗ ಮಾಡುವಂತಿಲ್ಲ. ಕೀ ಕೊಡುವ ವಾಚುಗಳಲ್ಲಿ ರಾತ್ರಿ ಒಂಬತ್ತರ ಆಸುಪಾಸಿನಿಂದ ಬೆಳಗಿನ ಜಾವ ಮೂರರ ತನಕ ತಾರೀಖಿನ ಹಲ್ಲುಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆಗ ಒತ್ತಾಯದಿಂದ ತಿರುಗಿಸಿದರೆ ಹಲ್ಲು ಮುರಿಯಬಹುದು. ಇನ್ನು ಕೆಲವು ವಾಚುಗಳಲ್ಲಿ ಕಿಂಡಿ ಅಂಚಿನಿಂದ ತೀರಾ ಒಳಗೆ ಸರಿದು, ನಡುವಿನ ಹತ್ತಿರ ಕೂತಿರುತ್ತದೆ. ಕಾರಣ ಸರಳ: ಒಳಗಿನ ಯಂತ್ರ ಚಿಕ್ಕದು, ಹೊರಗಿನ ಕೇಸು ದೊಡ್ಡದು. ತಾರೀಖಿನ ಬಳೆ ಯಂತ್ರದ ಅಳತೆಯದು, ಅದು ಇರುವಲ್ಲೇ ಕಿಂಡಿ ಕೊರೆಯಬೇಕಾಗುತ್ತದೆ. ಕಪ್ಪು ಡಯಲ್ಲಿನಲ್ಲಿ ಬಿಳಿ ಕಿಂಡಿ ಬಂದರಂತೂ ನೋಡಿದ ಕಣ್ಣು ಮೊದಲು ಹೋಗಿ ನಿಲ್ಲುವುದೇ ಅಲ್ಲಿ. ಗಂಟೆ ನೋಡಲು ಹೋದವನಿಗೆ ತಾರೀಖು ಕಾಣುತ್ತದೆ.

ಹಾಗೆಂದು ಎಲ್ಲವನ್ನೂ ಅಳಿಸಿಹಾಕಬೇಕೆಂದು ನಾನು ಹೇಳುವುದಿಲ್ಲ. ಅಮೆರಿಕದ ನೇಥನ್ ಜಾರ್ಜ್ ಹಾರ್ವಿಟ್ 1947ರಲ್ಲಿ ಒಂದು ಡಯಲ್ ರೂಪಿಸಿದರು. ಕಪ್ಪು ಮೈ, ಹನ್ನೆರಡರ ಜಾಗದಲ್ಲಿ ನೆತ್ತಿಯ ಸೂರ್ಯನಂತೆ ಒಂದೇ ಚುಕ್ಕೆ, ಎರಡು ಮುಳ್ಳು. ಅದು ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಸೇರಿತು. ನೋಡಲು ಬಲು ಚೆಂದ. ಆದರೆ ಏಳು ಇಪ್ಪತ್ತೋ ಏಳು ಇಪ್ಪತ್ತೆರಡೋ ಎಂದು ಬಸ್ಸಿಗೆ ಓಡುತ್ತಿರುವವನಿಗೆ ಅದು ಹೇಳಲಾರದು. ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಬಿಲ್ ಹಿಡಿದ ದಾರಿ ನನಗೆ ಹೆಚ್ಚು ಮೆಚ್ಚುಗೆ. ಜರ್ಮನಿಯ ಯುಂಗ್‌ಹಾನ್ಸ್ ಕಂಪನಿಗೆ ಮೊದಲು ಅಡುಗೆಮನೆಯ ಗೋಡೆ ಗಡಿಯಾರ ಮಾಡಿಕೊಟ್ಟು, 1960ರ ದಶಕದ ಆರಂಭದಲ್ಲಿ ಕೈಗಡಿಯಾರಕ್ಕೆ ಬಂದವರು ಅವರು. ನಿಮಿಷದ ಗೆರೆಗಳನ್ನು ಒಂದೂ ಬಿಡದೆ ಎಳೆದರು, ಕೂದಲೆಳೆಯಷ್ಟು ಸಪೂರವಾಗಿ. ನಿಮಿಷ ಎಣಿಸಬಹುದು, ಮುಖವೂ ತಿಳಿಯಾಗಿ ಉಳಿಯುತ್ತದೆ. ಈಗ ಆ ವಾಚಿನ ಕೆಲವು ಮಾದರಿಗಳಿಗೂ ತಾರೀಖಿನ ಕಿಂಡಿ ಬಂದಿದೆ. ಅವನ್ನು ಕಂಡಾಗಲೆಲ್ಲ ನೋವಾಗುತ್ತದೆ.

ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಅದರ ‘ಜನತಾ’ ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪಂದಿರ ಕೈಯಲ್ಲಿತ್ತು. ಹದಿನೇಳು ಜ್ಯುವೆಲ್, ಮೂರು ಮುಳ್ಳು, ಓದಲು ಬರುವ ಅಂಕಿಗಳು. ತಾರೀಖು ಇಲ್ಲ. ನಮ್ಮಪ್ಪ ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು, ವಾಚಿಗೆ ಕೀ ಕೊಡುತ್ತಿದ್ದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಪುಟ್ಟ ತಿರುಪನ್ನು ಹಿಡಿದು ಹಿಂದಕ್ಕೆ ಮುಂದಕ್ಕೆ ಹೊರಳಿಸುವಾಗ ಕಿರ್ರ್ ಕಿರ್ರ್ ಎಂಬ ಸಣ್ಣ ಸದ್ದು. ಕೊನೆಗೆ ಸ್ಪ್ರಿಂಗು ಬಿಗಿದು ಬೆರಳಿಗೆ ತಡೆ ಸಿಕ್ಕಿದೊಡನೆ ಕೈ ಬಿಡುತ್ತಿದ್ದರು, ಒಂದು ಎಳೆ ಹೆಚ್ಚು ತಿರುಗಿಸುತ್ತಿರಲಿಲ್ಲ. ಆಮೇಲೆ ಕಿವಿಗೆ ಹಿಡಿದು ಕೇಳುವ ಸರದಿ ನನ್ನದು. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಸೆಕೆಂಡಿನ ಮುಳ್ಳು ಐದು ಪುಟ್ಟ ಹೆಜ್ಜೆಗಳಲ್ಲಿ ಒಂದು ಗೆರೆ ದಾಟುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ತಾರೀಖು ಬೇಕಾದರೆ ಅಪ್ಪ ಗೋಡೆ ನೋಡುತ್ತಿದ್ದರು. ಅಲ್ಲಿ ಕ್ಯಾಲೆಂಡರ್, ಅದರ ಪಕ್ಕದ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ. ವಾಚಿನ ಕಿಂಡಿಗೆ ದಿನವೆಂದರೆ ನಡುರಾತ್ರಿ ಬದಲಾಗುವ ಒಂದು ಅಂಕಿ. ಪಂಚಾಂಗದಲ್ಲಿ ದಿನ ಹುಟ್ಟುವುದು ಸೂರ್ಯನೊಂದಿಗೆ. ತಿಥಿಯಂತೂ ಯಾವ ಹೊತ್ತಿನಲ್ಲಾದರೂ ಮುಗಿದು ಇನ್ನೊಂದು ಶುರುವಾಗಬಹುದು. ಏಕಾದಶಿ ಎಷ್ಟು ಗಳಿಗೆ ಇದೆ ಎಂದು ಅಜ್ಜಿ ಕೇಳುತ್ತಿದ್ದದ್ದು ಅದಕ್ಕೇ. ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ಗಳಿಗೆ, ದಿನಕ್ಕೆ ಅರವತ್ತು.

ಆ ಗಳಿಗೆಯನ್ನು ಹಿಂದೆ ಅಳೆಯುತ್ತಿದ್ದ ಉಪಕರಣ ನನ್ನ ಕಣ್ಣಿಗೆ ಎಲ್ಲ ವಾಚುಗಳಿಗಿಂತ ಸರಳವಾದದ್ದು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ದೊಡ್ಡ ಪಾತ್ರೆಯ ನೀರಿನ ಮೇಲೆ ತೇಲಬಿಟ್ಟರೆ ತೂತಿನಿಂದ ನೀರು ಒಳಗೇರಿ, ತುಂಬಿ, ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ. ಎತ್ತಿ, ಚೆಲ್ಲಿ, ಮತ್ತೆ ತೇಲಬಿಡಬೇಕು. ಮುಳ್ಳಿಲ್ಲ, ಅಂಕಿಯಿಲ್ಲ. ಗಳಿಗೆ ಬಟ್ಟಲು ನೋಡಿಕೊಂಡೇ ಮದುವೆಯ ಮುಹೂರ್ತ ನಡೆಸುತ್ತಿದ್ದರು.

ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ದಂತಕಥೆಯಲ್ಲಿ ಬರುವುದೂ ಈ ಬಟ್ಟಲೇ. 1587ರಲ್ಲಿ ಅಕ್ಬರನ ಆಸ್ಥಾನಕವಿ ಫೈಜಿ ಭಾಸ್ಕರಾಚಾರ್ಯರ ‘ಲೀಲಾವತಿ’ ಗಣಿತ ಗ್ರಂಥವನ್ನು ಪಾರಸಿಗೆ ತಂದಾಗ ಈ ಕಥೆಯನ್ನೂ ಬರೆದ. ಮದುವೆಯ ದಿನ ಹುಡುಗಿ ಕುತೂಹಲದಿಂದ ಬಾಗಿ ಬಟ್ಟಲನ್ನು ನೋಡುತ್ತಾಳೆ, ಒಡವೆಯಿಂದ ಮುತ್ತೊಂದು ಉದುರಿ ತೂತನ್ನು ಮುಚ್ಚುತ್ತದೆ, ಮುಹೂರ್ತ ಮೀರಿಹೋಗುತ್ತದೆ. ಕಥೆ ಹೇಳುವವರು ಅವಳ ದುರದೃಷ್ಟಕ್ಕೆ ಮರುಗುತ್ತಾರೆ. ನನಗೆ ಅವಳು ಬಾಗಿ ನೋಡಿದ್ದೇ ದೊಡ್ಡದು. ಮದುವೆಯ ಗದ್ದಲದಲ್ಲಿ ನೀರು ಹೇಗೆ ಏರುತ್ತದೆಂದು ನೋಡಬೇಕೆನಿಸಿದ ಹುಡುಗಿ ಅವಳು.