ಮೂರು ತಾಯಿ ಕಾರ್ಡುಗಳು

"ಈ ಸಲಾನೂ ನಿಲ್ಲಲಿಲ್ಲ ಕಣೆ."

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ. ನಾನು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಪ್ರಬಂಧದ ಮೂರನೇ ಅಧ್ಯಾಯ ತಿದ್ದುತ್ತಿದ್ದೆ. ಏನು ಹೇಳಬೇಕೆಂದು ತಿಳಿಯದೆ "ಊಟ ಮಾಡಿದ್ಯಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ "ಹೂಂ, ಅವ್ವ ಬಂದವಳೆ" ಅಂದಳು. ಮದುವೆಯಾದ ಆರು ವರ್ಷಗಳಲ್ಲಿ ಇದು ಮೂರನೆಯದು. ಮೊದಲನೆಯದು ಒಂಬತ್ತನೇ ವಾರದಲ್ಲಿ ಹೋಗಿತ್ತು, ಎರಡನೆಯದು ಏಳನೇ ವಾರದಲ್ಲಿ. ಇದು ಹತ್ತು ದಾಟುವ ಹೊತ್ತಿಗೆ.

ನಮ್ಮದು ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ. ಚಿಂಕಾರ ಎಂಬ ಹುಲ್ಲೆಗಾಗಿ 2019ರಲ್ಲಿ ಇಲ್ಲಿನ ಕಾಡನ್ನು ವನ್ಯಜೀವಿಧಾಮ ಎಂದು ಘೋಷಿಸಿದಾಗ ಊರಿನ ಹೆಸರು ಪೇಪರಿನಲ್ಲಿ ಬಂದಿತ್ತು. ಅದು ಬಿಟ್ಟರೆ ರಾಗಿ, ಕಡ್ಲೆಕಾಯಿ, ಬೋರಿನಲ್ಲಿ ನೀರಿದ್ದವರಿಗೆ ಅಡಿಕೆ. ಹೆಂಗಸರ ಡಾಕ್ಟರಿಗೆ ಶಿರಾ, ಅದಕ್ಕೂ ಮೇಲಿನದಕ್ಕೆ ತುಮಕೂರು, ಅದಕ್ಕೂ ಮೇಲಿನದಕ್ಕೆ ಬೆಂಗಳೂರು. ಅಕ್ಕ ಮೂರನ್ನೂ ನೋಡಿದ್ದಾಳೆ.

ನನ್ನ ಸಂಶೋಧನೆ ಹೆಣ್ಣುಮಕ್ಕಳ ಜನಪದ ಹಾಡುಗಳ ಮೇಲೆ. ಹಾಗಾಗಿ ಮಾತುಗಳ ಕಡೆ ಕಿವಿ ಹೋಗುವುದು ಅಭ್ಯಾಸ. ನಮ್ಮ ಕಡೆ ಗರ್ಭಪಾತ ಎಂದು ಯಾರೂ ಹೇಳುವುದಿಲ್ಲ. "ಹೋತು", "ಇಳಿದೋತು", "ನಿಲ್ಲಲಿಲ್ಲ" ಎನ್ನುತ್ತಾರೆ. ಮೊದಲ ಸಲ ಎಲ್ಲರೂ "ಹೋತು" ಅಂದರು. ಮಳೆ ಹೋದ ಹಾಗೆ, ಬಸ್ಸು ಹೋದ ಹಾಗೆ, ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಮೂರನೇ ಸಲಕ್ಕೆ ವ್ಯಾಕರಣವೇ ಬದಲಾಯಿತು. "ಅವಳಿಗೆ ನಿಲ್ಲಾದಿಲ್ಲ" ಅಂದರು. ಆಗಿಹೋದ ಒಂದು ಸಂಗತಿ ಅವಳ ಗುಣವಾಗಿಬಿಟ್ಟಿತು. ನಾನು ಈವರೆಗೆ ಕೂಡಿಸಿದ ಹಾಡುಗಳಲ್ಲಿ ಬಂಜೆಯ ಮೇಲಿವೆ, ಬಸುರಿಯ ಬಯಕೆಯ ಮೇಲಿವೆ, ಬಾಣಂತಿಯ ಮೇಲಿವೆ. ನಿಲ್ಲದೆ ಹೋದ ಬಸಿರಿನ ಮೇಲೆ ಒಂದೂ ಸಿಕ್ಕಿಲ್ಲ. ಅಕ್ಕ ಬಂಜೆಯಲ್ಲ, ತಾಯಿಯೂ ಅಲ್ಲ. ನಡುವೆ ಇರುವವಳಿಗೆ ಹೆಸರಿಲ್ಲ.

ಅತ್ತೆ ಲೆಕ್ಕ ಹೇಳುವಾಗ ಯಾವಾಗಲೂ "ಎರಡು ಹೋದವು" ಅನ್ನುತ್ತಾರೆ. ಏಳು ವಾರದ್ದು ಅವರ ಲೆಕ್ಕದಲ್ಲಿಲ್ಲ. ಅದು ಮುಟ್ಟು ತಡವಾದ ಹಾಗೆ ಅಷ್ಟೇ. ಆದರೆ ಅಕ್ಕನ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಮೂರು ತಾಯಿ ಕಾರ್ಡುಗಳಿವೆ. ಆಶಾ ಕಾರ್ಯಕರ್ತೆ ಬಂದು ಹೆಸರು ಬರೆಸಿ ಕೊಟ್ಟವು. ಪ್ರತಿಯೊಂದರಲ್ಲೂ ಮೊದಲ ಒಂದೆರಡು ಕಾಲಂ ಮಾತ್ರ ತುಂಬಿವೆ: ತೂಕ, ಬಿಪಿ, ಹಿಮೋಗ್ಲೋಬಿನ್. ಉಳಿದದ್ದೆಲ್ಲ ಖಾಲಿ.

ಇನ್ನು ನನ್ನ ತಪ್ಪು. ಮನೆಯಲ್ಲಿ ಓದಿದವಳು ನಾನು. ಉಳಿದವರು ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹಾಲೆರೆಯಲು ಹೇಳಿದರು, ಹರಕೆ ಹೊರಲು ಹೇಳಿದರು. ನಾನು ಐವಿಎಫ್ ಅಂದೆ. ಶಿರಾದಿಂದ ಬೆಂಗಳೂರಿಗೆ ಹೋಗುವಾಗ ಹೆದ್ದಾರಿಯ ಬದಿಯಲ್ಲಿ ಕೊಬ್ಬಿದ ಮಗುವಿನ ಚಿತ್ರದ ಬೋರ್ಡುಗಳು ಕಾಣುತ್ತವಲ್ಲ, ಅಂಥ ಒಂದು ಕ್ಲಿನಿಕ್ಕಿಗೆ ನಾನೇ ಫೋನ್ ಮಾಡಿದೆ. ಒಂದು ಸರದಿಗೆ ಎರಡು ಲಕ್ಷದ ಮೇಲೆ, ಔಷಧಿ ಬೇರೆ ಎಂದರು. ಬಾವ ಅಡಿಕೆ ಸಸಿ ಇಟ್ಟಿದ್ದ ಒಂದು ಎಕರೆಗೆ ಗಿರಾಕಿ ಹುಡುಕಲು ಶುರು ಮಾಡಿದ. ನಾಗರಕಲ್ಲಿಗೆ ಅರ್ಧ ಲೀಟರ್ ಹಾಲು ಸಾಕಾಗುತ್ತಿತ್ತು. ನನ್ನ ವಿಜ್ಞಾನ ಒಂದು ಎಕರೆ ಕೇಳುತ್ತಿತ್ತು. ನಾನು ಅದನ್ನು ಆಗ ಹಾಗೆ ನೋಡಲಿಲ್ಲ.

ನಮ್ಮನ್ನು ತಡೆದದ್ದು ತುಮಕೂರಿನ ಒಬ್ಬ ವೈದ್ಯೆಯ ಒಂದೇ ಪ್ರಶ್ನೆ. "ಬಸಿರಾಗೋದಕ್ಕೆ ಪ್ರತಿ ಸಲ ಎಷ್ಟು ತಿಂಗಳು ಹಿಡೀತು?" ಅಕ್ಕ, "ಎರಡೋ ಮೂರೋ" ಅಂದಳು. "ಹಾಗಿದ್ರೆ ಬಸಿರು ಮಾಡಿಸೋ ಚಿಕಿತ್ಸೆ ನಿಮಗೆ ಯಾಕೆ?"

ಇಷ್ಟು ಸರಳವಾದ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಳ ತಾಯಿಗೆ ಇದ್ದ ತೊಂದರೆ ಗರ್ಭನಾಳ ಮುಚ್ಚಿಹೋಗಿದ್ದದ್ದು. ಅಂಡ ಮತ್ತು ವೀರ್ಯ ಸೇರಲು ದಾರಿ ಇರಲಿಲ್ಲ, ಹೊರಗೆ ಸೇರಿಸಿದರು. ಐವಿಎಫ್ ಹುಟ್ಟಿದ್ದೇ ಸೇರಿಸುವುದಕ್ಕೆ. ಅಕ್ಕನಿಗೆ ಸೇರುವುದರಲ್ಲಿ ತೊಂದರೆಯೇ ಇರಲಿಲ್ಲ, ಉಳಿಯುವುದರಲ್ಲಿ ಇತ್ತು. ಬಂಜೆತನ ಮತ್ತು ಪದೇ ಪದೇ ಆಗುವ ಗರ್ಭಪಾತ ಎರಡು ಬೇರೆ ಪ್ರಶ್ನೆಗಳು. ಊರಿನವರ ಹಾಗೆ ನಾನೂ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೆ.

ಆಮೇಲೆ ಓದಲು ಕೂತೆ. ಗೊತ್ತಾಗಿರುವ ಬಸಿರುಗಳಲ್ಲಿ ನೂರಕ್ಕೆ ಸುಮಾರು 15 ನಿಲ್ಲುವುದಿಲ್ಲ. ಎರಡು ಸಲ ಕಳೆದುಕೊಂಡ ಹೆಂಗಸರು ನೂರಕ್ಕೆ ಸುಮಾರು 2, ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಕಡಿಮೆ ಅನ್ನಿಸುತ್ತದೆ. ಆದರೆ ಒಂದು ಹೋಬಳಿಯಲ್ಲಿ ಎಷ್ಟು ಮನೆಗಳಿವೆ ಎಂದು ಎಣಿಸಿದರೆ ಅಕ್ಕ ಒಬ್ಬಳೇ ಅಲ್ಲ. ಹಿಂದೆ ಮೂರು ಸಲ ಆಗುವವರೆಗೆ ಪರೀಕ್ಷೆ ಬೇಡ ಎನ್ನುವ ಪದ್ಧತಿ ಹೆಚ್ಚಿತ್ತು. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ 2017ರ ತನ್ನ ಮಾರ್ಗಸೂಚಿಯಲ್ಲಿ ಎರಡಕ್ಕೇ ಪರೀಕ್ಷೆ ಶುರು ಮಾಡಬಹುದು ಎಂದಿದೆ. ಎರಡನೆಯದು ಹೋದಾಗ ಅಕ್ಕನಿಗೆ ಇದನ್ನು ಯಾರೂ ಹೇಳಲಿಲ್ಲ. ಒಂದು ಕಡೆ ಕಬ್ಬಿಣದ ಮಾತ್ರೆ ಬರೆದು "ಚಿಕ್ಕ ವಯಸ್ಸು, ಮತ್ತೆ ಆಗುತ್ತೆ" ಎಂದು ಕಳಿಸಿದ್ದರು.

ತುಮಕೂರಿನ ವೈದ್ಯೆ ಪಟ್ಟಿ ಬರೆದುಕೊಟ್ಟರು. ಥೈರಾಯ್ಡ್ ಮತ್ತು ಸಕ್ಕರೆ. ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್. ಕೆಲವರಿಗೆ ಒಳಗೆ ನಡುಗೋಡೆಯ ಹಾಗೆ ಒಂದು ಪರದೆ ಇರುತ್ತದೆ. ಗಂಡ ಹೆಂಡಿರಿಬ್ಬರ ವರ್ಣತಂತುಗಳ ಪರೀಕ್ಷೆ. ಆಮೇಲೆ ಆ್ಯಂಟಿಫಾಸ್ಫೊಲಿಪಿಡ್ ಎಂಬ ಪ್ರತಿಕಾಯಗಳ ಪರೀಕ್ಷೆ.

ಈ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಮೈಯ ರಕ್ಷಣೆಗೆ ಇರಬೇಕಾದ ಪ್ರತಿಕಾಯಗಳು ದಾರಿ ತಪ್ಪಿ, ಮಾಸು ಬೇರೂರುವುದಕ್ಕೆ ಅಡ್ಡಿಯಾಗುತ್ತವೆ, ರಕ್ತ ಹೆಪ್ಪುಗಟ್ಟುವಂತೆ ಮಾಡುತ್ತವೆ. ಪತ್ತೆಯಾದರೆ ಚಿಕಿತ್ಸೆ ಇದೆ, ಅದು ಹೊಲ ಮಾರಿಸುವಂಥದ್ದೂ ಅಲ್ಲ: ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ ಮತ್ತು ಹೆಪಾರಿನ್ ಚುಚ್ಚುಮದ್ದು. 1997ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗದಲ್ಲಿ ಈ ತೊಂದರೆಯಿದ್ದ 90 ಹೆಂಗಸರಲ್ಲಿ ಅರ್ಧ ಜನಕ್ಕೆ ಆಸ್ಪಿರಿನ್ ಮಾತ್ರ, ಇನ್ನರ್ಧಕ್ಕೆ ಎರಡನ್ನೂ ಕೊಟ್ಟರು. ಮೊದಲನೆಯ ಗುಂಪಿನಲ್ಲಿ ನೂರಕ್ಕೆ 42, ಎರಡನೆಯದರಲ್ಲಿ ನೂರಕ್ಕೆ 71 ಮಂದಿಗೆ ಜೀವಂತ ಹೆರಿಗೆಯಾಯಿತು. ಆದರೆ ಕಾರಣ ಗೊತ್ತಿಲ್ಲದ ಎಲ್ಲರಿಗೂ ಇದನ್ನೇ ಕೊಟ್ಟರೆ ಉಪಯೋಗವಿಲ್ಲ ಎಂದೂ ಬೇರೆ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಪರೀಕ್ಷೆ ಮುಖ್ಯ. ಅದೂ ಒಂದು ಸಲ ಸಾಲದು, ಕನಿಷ್ಠ 12 ವಾರ ಬಿಟ್ಟು ಎರಡನೇ ಸಲ ಬರಬೇಕು. ಜ್ವರ ಸೋಂಕಿನಿಂದಲೂ ಅವು ಒಮ್ಮೆ ಕಾಣಿಸಿ ಮಾಯವಾಗುತ್ತವೆ.

ಬಾವನ ರಕ್ತ ತೆಗೆಸುವುದೇ ಒಂದು ಕಥೆ. "ನಂಗೇನಾಗೈತೆ?" ಅಂದ. ಕೆಟ್ಟವನಲ್ಲ. ಮೂರೂ ಸಲ ಅಕ್ಕನನ್ನು ಬೈಕಿನಲ್ಲಿ ನಿಧಾನಕ್ಕೆ ಕರೆದುಕೊಂಡು ಹೋದವನು ಅವನೇ. ಆದರೆ ಬಸಿರು ಹೆಂಗಸಿನ ಮೈಯೊಳಗಿನ ವಿಷಯ, ತನ್ನದು ಅಲ್ಲಿಗೆ ಮುಗಿಯಿತು ಎಂದು ತಿಳಿದಿದ್ದ. ವರ್ಣತಂತುವಿನ ಒಂದು ತುಂಡು ಇನ್ನೊಂದರ ಜೊತೆ ಜಾಗ ಬದಲಿಸಿಕೊಂಡಿದ್ದರೆ ಆ ಗಂಡಸಿಗೋ ಹೆಂಗಸಿಗೋ ಏನೂ ಗೊತ್ತಾಗುವುದಿಲ್ಲ, ಆರೋಗ್ಯವಾಗಿಯೇ ಇರುತ್ತಾರೆ. ಮಗುವಿಗೆ ಹೋಗುವಾಗ ಮಾತ್ರ ಲೆಕ್ಕ ತಪ್ಪುತ್ತದೆ ಎಂದು ವೈದ್ಯೆ ಬಿಳಿ ಹಾಳೆಯಲ್ಲಿ ಗೆರೆ ಎಳೆದು ತೋರಿಸಿದರು. ಆಮೇಲೆ ಅವನು ತೋಳು ಮುಂದೆ ಮಾಡಿದ.

ಬಾವ ನಮ್ಮ ಸೋದರತ್ತೆಯ ಮಗ. ಅದಕ್ಕೂ ಊರಿನಲ್ಲಿ ಮಾತು ಇತ್ತು. ರಕ್ತಸಂಬಂಧದ ಮದುವೆಯಲ್ಲಿ ಕೆಲವು ಆನುವಂಶಿಕ ರೋಗಗಳು ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು ಎನ್ನುವುದು ನಿಜ. ಆದರೆ ಮೊದಲ ತಿಂಗಳುಗಳಲ್ಲಿ ಹೋದ ಬಸಿರನ್ನೆಲ್ಲ ಅದರ ತಲೆಗೆ ಕಟ್ಟಲು ಬರುವುದಿಲ್ಲ. ಆರಂಭದಲ್ಲೇ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಸಂಖ್ಯೆ ಏರುಪೇರಾದದ್ದೇ ಕಾರಣ. ಅದು ಹೆಚ್ಚಾಗಿ ಆ ಒಂದು ಅಂಡದ ಆಕಸ್ಮಿಕ. ಭಾರ ಎತ್ತಿದ್ದರಿಂದ, ಬಸ್ಸಿನ ಕುಲುಕಾಟದಿಂದ, ಪಪ್ಪಾಯಿ ತಿಂದದ್ದರಿಂದ ಆಗುವುದಲ್ಲ. ಹೋದದ್ದನ್ನು ಪರೀಕ್ಷೆಗೆ ಕಳಿಸಿದ್ದರೆ ಇದು ತಿಳಿಯುತ್ತಿತ್ತು. ಮೂರು ಸಲವೂ ಯಾರೂ ಕಳಿಸಲಿಲ್ಲ. ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ.

12 ವಾರ ಕಾದೆವು. ಎಲ್ಲ ವರದಿಗಳೂ ಸರಿಯಾಗಿದ್ದವು. ಥೈರಾಯ್ಡ್ ಸರಿ, ಗರ್ಭಕೋಶ ಸರಿ, ಇಬ್ಬರ ವರ್ಣತಂತು ಸರಿ, ಪ್ರತಿಕಾಯ ಇಲ್ಲ. ಅಕ್ಕ ಅತ್ತಳು. ಏನಾದರೂ ಸಿಗಲಿ ಎಂದು ಅವಳು ಹರಕೆ ಹೊತ್ತಿದ್ದಳಂತೆ. ಸಿಕ್ಕಿದ್ದರೆ ಮಾತ್ರೆ ಇರುತ್ತಿತ್ತು, ಊರಿಗೆ ಹೇಳಲು ಒಂದು ಹೆಸರಿರುತ್ತಿತ್ತು. ಕಾರಣ ಹುಡುಕಿದವರಲ್ಲಿ ಸುಮಾರು ಅರ್ಧ ಜನಕ್ಕೆ ಕಾರಣ ಸಿಗುವುದೇ ಇಲ್ಲ ಎಂದು ವೈದ್ಯೆ ಹೇಳಿದ್ದು ಆ ಹೊತ್ತಿಗೆ ಸಮಾಧಾನವಾಗಲಿಲ್ಲ.

ಈಗ ದಾರಿಗಳು ಯಾವುವು? ಮನೆಯಲ್ಲಿ ಎಲ್ಲವನ್ನೂ ಒಂದೊಂದಾಗಿ ಇಟ್ಟುಕೊಂಡು ಮಾತಾಡಿದೆವು. ಐವಿಎಫ್ ಮಾಡಿಸಿ ಭ್ರೂಣಗಳನ್ನು ಪರೀಕ್ಷಿಸಿ ಒಳಗಿಡುವುದು: ಇಬ್ಬರಲ್ಲೊಬ್ಬರ ವರ್ಣತಂತುವಿನಲ್ಲಿ ದೋಷವಿದ್ದರೆ ಯೋಚಿಸಬಹುದಾದ ದಾರಿ. ಕಾರಣವೇ ಇಲ್ಲದವರಿಗೆ ಅದರಿಂದ ಮಗು ಉಳಿಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆಯ ಬಗ್ಗೆ ನೆಂಟರೊಬ್ಬರು ಹೇಳಿದರು. 1999ರಲ್ಲೇ ಒಂದು ದೊಡ್ಡ ಪ್ರಯೋಗ ಅದರಿಂದ ಪ್ರಯೋಜನವಿಲ್ಲ ಎಂದು ತೋರಿಸಿದೆ. ಬಾಡಿಗೆ ತಾಯ್ತನ: 2021ರ ಕಾಯ್ದೆಯ ಪ್ರಕಾರ ಈಗ ಹಣ ಕೊಟ್ಟು ಮಾಡಿಸುವಂತಿಲ್ಲ. ಕಾರಣ ತಿಳಿಯದೆ ಹಲವು ಸಲ ಗರ್ಭ ಕಳೆದುಕೊಂಡವರನ್ನು ನಿಯಮಗಳು ಅರ್ಹರ ಪಟ್ಟಿಯಲ್ಲಿ ಸೇರಿಸಿವೆ. ಆದರೆ ಹಣವಿಲ್ಲದೆ ಇನ್ನೊಬ್ಬಳು ಹೊರಬೇಕಲ್ಲ ಎಂಬಲ್ಲಿಗೆ ಮಾತು ನಿಂತಿತು. ಅಕ್ಕ, "ನನ್ ಕಷ್ಟ ಇನ್ನೊಬ್ಬಳ ಹೊಟ್ಟೇಲಿ ಇಡಾದು ಬ್ಯಾಡ" ಅಂದಳು. ದತ್ತು ಎಂದಾಗ ಅತ್ತೆ ಎದ್ದು ಹೋದರು. ಬಾವ ಮಾತ್ರ, ಅದಕ್ಕೆ ಎಲ್ಲಿ ಹೆಸರು ಬರೆಸಬೇಕು ಎಂದು ಮೆಲ್ಲಗೆ ಕೇಳಿದ. ಕಾರಾ ಎಂಬ ಕೇಂದ್ರ ಸಂಸ್ಥೆಯ ಜಾಲತಾಣದಲ್ಲಿ ಎಂದು ನಾನು ಬರೆದುಕೊಟ್ಟೆ. ಆ ಚೀಟಿ ಅವನ ಜೇಬಿನಲ್ಲಿದೆ.

ಉಳಿದ ದಾರಿ ಅತ್ಯಂತ ಬಡದಾರಿ: ಮತ್ತೆ ಪ್ರಯತ್ನಿಸುವುದು, ಈ ಸಲ ಒಬ್ಬಳೇ ಅಲ್ಲದೆ. ಇದನ್ನು ಹೇಳಲು ವೈದ್ಯೆ ನನಗೊಂದು ಲೇಖನ ಕೊಟ್ಟರು. 2015ರಲ್ಲಿ ಪ್ರಕಟವಾದ ಪ್ರಾಮಿಸ್ ಎಂಬ ಪ್ರಯೋಗ. ಕಾರಣ ಸಿಗದೆ ಮೂರು ಅಥವಾ ಹೆಚ್ಚು ಸಲ ಕಳೆದುಕೊಂಡು ಮತ್ತೆ ಬಸಿರಾದ 836 ಹೆಂಗಸರು, ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನವರು. ಅರ್ಧ ಜನಕ್ಕೆ ಪ್ರೊಜೆಸ್ಟೆರಾನ್, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಗುಳಿಗೆ. ಔಷಧಿ ಪಡೆದವರಲ್ಲಿ ನೂರಕ್ಕೆ 65.8, ಪಡೆಯದವರಲ್ಲಿ ನೂರಕ್ಕೆ 63.3 ಮಂದಿಗೆ ಮಗು ಹುಟ್ಟಿತು. ಎರಡರ ನಡುವೆ ಅಂಥ ವ್ಯತ್ಯಾಸವಿಲ್ಲ. ಪ್ರಯೋಗ ಸೋತಿತು. ಆದರೆ ಆ ಸೋಲಿನೊಳಗೆ ನಮಗೆ ಬೇಕಾದ ಸಂಗತಿ ಇತ್ತು: ಮೂರು ಸಲ ಹೋದ ಮೇಲೂ, ಏನೂ ಔಷಧಿ ಇಲ್ಲದೆ, ಮೂವರಲ್ಲಿ ಇಬ್ಬರಿಗೆ ಹತ್ತಿರಹತ್ತಿರ ಮಗು ಉಳಿದಿತ್ತು. ಮುಂದೆ 2019ರ ಇನ್ನೊಂದು ಪ್ರಯೋಗ, ಹಿಂದೆ ಕಳೆದುಕೊಂಡವರಿಗೆ ಈ ಸಲ ಮೊದಲ ವಾರಗಳಲ್ಲಿ ರಕ್ತ ಕಾಣಿಸಿದರೆ ಪ್ರೊಜೆಸ್ಟೆರಾನ್ ನೆರವಾಗಬಹುದು ಎಂದು ಸೂಚಿಸಿತು. ಹಾಗಾಗಿ ಒಂದು ಹನಿ ಕಂಡರೂ ಫೋನ್ ಮಾಡಿ ಎಂದು ವೈದ್ಯೆ ತಮ್ಮ ನಂಬರ್ ಬರೆದುಕೊಟ್ಟರು.

ನಾರ್ವೆಯ ಒಂದು ಹಳೆಯ ಅಧ್ಯಯನವನ್ನೂ ಅವರು ಹೇಳಿದರು. 1984ರದ್ದು. ಕಾರಣ ಸಿಗದವರಲ್ಲಿ ಕೆಲವರಿಗೆ ವಾರವಾರ ತಪಾಸಣೆ, ವಿಶ್ರಾಂತಿ, ಧೈರ್ಯದ ಮಾತು. ಅವರಲ್ಲಿ ನೂರಕ್ಕೆ 86 ಮಂದಿಗೆ ಬಸಿರು ನಿಂತಿತು, ಅದಿಲ್ಲದವರಲ್ಲಿ 33 ಮಂದಿಗೆ. ಚಿಕ್ಕ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ, ಪೂರ್ತಿ ನಂಬುವಂತಿಲ್ಲ ಎಂದು ಅವರೇ ಎಚ್ಚರಿಸಿದರು. ಆದರೂ ಅದರಿಂದ ಕೆಡುಕಂತೂ ಇಲ್ಲವಲ್ಲ ಎಂದರು. ವಾರವಾರ ತಪಾಸಣೆ ಎಂದರೆ ಬುಕ್ಕಾಪಟ್ಟಣದವಳಿಗೆ ಒಂದು ದಿನದ ಕೂಲಿ ಮತ್ತು ಎರಡು ಬಸ್ಸು ಎಂಬುದು ಅವರಿಗೂ ಗೊತ್ತಿತ್ತು.

ಊರಿಗೆ ಹೋಗಿ ಹಜಾರದಲ್ಲಿ ಕೂತು ಅಕ್ಕನಿಗೆ 63ರ ಲೆಕ್ಕ ಹೇಳಿದೆ. ನನ್ನ ದನಿಯಲ್ಲಿ ಗೆದ್ದವಳ ಹುರುಪಿತ್ತು ಅನ್ನಿಸುತ್ತದೆ. ಅವಳು ಕಡ್ಲೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು. ಆಮೇಲೆ, "ಉಳಿದ ಮೂವತ್ತೇಳು ಜನ ಏನ್ ಮಾಡಿದ್ರಂತೆ?" ಅಂದಳು.

ಲೇಖನದಲ್ಲಿ ಅದು ಇರಲಿಲ್ಲ.

ಹೊಲ ಮಾರಲಿಲ್ಲ. ಅಡಿಕೆ ಸಸಿಗಳಿಗೆ ಈ ಬೇಸಿಗೆ ನೀರು ಸಾಲದೆ ಕೆಲವು ಒಣಗಿದವು. ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ. "ಭಯ ಹೋಗ್ಲಿ, ನೋಡಾನ" ಅನ್ನುತ್ತಾಳೆ. ನಾನು ಅವಸರ ಮಾಡುವುದನ್ನು ಬಿಟ್ಟಿದ್ದೇನೆ. ವೈದ್ಯೆ ಹೇಳಿದಂತೆ ಒಂದು ಫೈಲು ಮಾಡಿದ್ದೇವೆ. ಎಲ್ಲ ವರದಿ, ಸ್ಕ್ಯಾನು, ತಾರೀಖುಗಳು. ಮುಂದೆ ಯಾವ ಡಾಕ್ಟರಿಗೆ ತೋರಿಸಿದರೂ ಮೊದಲಿಂದ ಹೇಳುತ್ತಾ ಕೂರಬೇಕಿಲ್ಲ. ಟ್ರಂಕಿನಿಂದ ಮೂರು ತಾಯಿ ಕಾರ್ಡುಗಳನ್ನು ತೆಗೆದು ಅವಳೇ ಅದರ ಮೇಲುಗಡೆ ಇಟ್ಟಳು.

ಇದನ್ನು ಬರೆಯಲೇ ಎಂದು ಕೇಳಿದಾಗ ಸ್ವಲ್ಪ ಯೋಚಿಸಿದಳು. "ಬರಿ. ನನ್ ಹೆಸ್ರು ಹಾಕ್ಬ್ಯಾಡ" ಅಂದಳು. ಒಳಗೆ ಹೋದವಳು ಬಾಗಿಲಿಗೆ ಮತ್ತೆ ಬಂದು, "ಎರಡು ಅಂತ ಬರೀಬ್ಯಾಡ. ಮೂರು" ಅಂದಳು.